ಜಾಹೀರಾತಿನ ಬಾಗಿಲಿನಿಂದ ಬರುವ ಕಳ್ಳ

ಬೆಳಗಿನ ಜಾವ ಜಾಲಹಳ್ಳಿ ಕ್ರಾಸಿನ ಕಡೆ ಹೋದವರು ಪತ್ರಿಕೆ ಹಂಚುವ ಹುಡುಗರನ್ನು ಕಂಡಿರಬಹುದು. ಮುಚ್ಚಿದ ಅಂಗಡಿಯ ಮುಂದೆ ಕುಳಿತು, ಕಟ್ಟು ಬಿಚ್ಚಿ, ಒಂದೊಂದು ಪತ್ರಿಕೆಯ ಮಡಿಕೆಯೊಳಗೂ ಬಣ್ಣಬಣ್ಣದ ಕರಪತ್ರ ತೂರಿಸುತ್ತಿರುತ್ತಾರೆ. ಹೊಸದಾಗಿ ತೆರೆದ ಬಿರಿಯಾನಿ ಹೋಟೆಲು, ಟ್ಯೂಷನ್ ಕ್ಲಾಸು, ಬೋರ್‌ವೆಲ್, ಪೀಠೋಪಕರಣದ ರಿಯಾಯಿತಿ ಮಾರಾಟ. ಕರಪತ್ರ ನಮ್ಮ ಮನೆಗೆ ಬರುವುದು ಪತ್ರಿಕೆಯ ಜೊತೆಗೇ. ಆದರೆ ಅದರೊಳಗೆ ಏನು ಅಚ್ಚಾಗಿದೆ ಎಂಬುದು ಆ ಪತ್ರಿಕೆಯ ಸಂಪಾದಕರಿಗೆ ಗೊತ್ತೇ ಇರುವುದಿಲ್ಲ. ನಾವಾದರೋ ಪತ್ರಿಕೆಯ ಮೇಲಿನ ನಂಬಿಕೆಯಲ್ಲೇ ಅದನ್ನೂ ಕೈಗೆತ್ತಿಕೊಳ್ಳುತ್ತೇವೆ.

ಅಂತರ್ಜಾಲದಲ್ಲಿ ನೀವು ಓದುವ ಸುದ್ದಿಯ ಅಕ್ಕಪಕ್ಕ ಮಿನುಗುವ ಜಾಹೀರಾತುಗಳೂ ಬಹುಪಾಲು ಈ ಕರಪತ್ರಗಳ ಹಾಗೆಯೇ. ಒಂದು ವ್ಯತ್ಯಾಸವಿದೆ. ಕಾಗದದ ಕರಪತ್ರ ಸುಮ್ಮನೆ ಬಿದ್ದಿರುತ್ತದೆ, ಬೇಡವಾದರೆ ಅದರ ಮೇಲೆ ಈರುಳ್ಳಿ ಸಿಪ್ಪೆ ಸುಲಿದು ಬಿಸಾಡಬಹುದು. ಪರದೆಯ ಮೇಲಿನ ಜಾಹೀರಾತು ಕೇವಲ ಚಿತ್ರವಲ್ಲ. ಅದರ ಬೆನ್ನಿಗೆ ಒಂದು ಪುಟ್ಟ ಕಂಪ್ಯೂಟರ್ ಪ್ರೋಗ್ರಾಂ ಇರುತ್ತದೆ. ಪುಟ ತೆರೆದ ಕೂಡಲೇ ಅದು ನಿಮ್ಮ ಯಂತ್ರದಲ್ಲಿ ಓಡತೊಡಗುತ್ತದೆ, ನಿಮ್ಮನ್ನು ಇನ್ನೊಂದು ತಾಣಕ್ಕೆ ಎಳೆದೊಯ್ಯಲೂ ಬಲ್ಲದು. ವೈರಸ್ ಎಂದು ನಾವು ಸಾಮಾನ್ಯವಾಗಿ ಕರೆಯುವ ಕುತಂತ್ರಾಂಶಗಳನ್ನು, ಅಂದರೆ ಮಾಲ್ವೇರ್‌ಗಳನ್ನು, ಹರಡುವವರು ಈ ದಾರಿಯನ್ನು ಕಂಡುಕೊಂಡು ಬಹಳ ವರ್ಷಗಳೇ ಆದವು.

ಜಾಲಹಳ್ಳಿಯವರಿಗೆ ಕಾವಲು ಎಂದರೇನು ಎಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಇಲ್ಲೇ ಇದೆ, ವಾಯುಪಡೆಯ ನೆಲೆಯೂ ಇದೆ. ಗುರುತಿನ ಚೀಟಿ ಇಲ್ಲದೆ ಅವುಗಳ ಗೇಟು ದಾಟಲು ಸಾಧ್ಯವೇ? ಆದರೆ ಅಲ್ಲಿ ದುಡಿದು ಸಂಜೆ ಮನೆಗೆ ಬಂದವರು ಕಂಪ್ಯೂಟರ್ ತೆರೆದು ಒಂದು ಸುದ್ದಿ ತಾಣಕ್ಕೆ ಹೋದರೆ, ಆ ಒಂದು ಪುಟದ ಜೊತೆ ಹತ್ತಾರು ಅಪರಿಚಿತರು ಯಾವ ಚೀಟಿಯೂ ಇಲ್ಲದೆ ಒಳಗೆ ಬಂದಿರುತ್ತಾರೆ.

ಇದು ಹೇಗೆ ಎನ್ನುತ್ತೀರಾ? ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ಹರಾಜಾಗುವಂತೆ ಇಲ್ಲಿಯೂ ಹರಾಜು ನಡೆಯುತ್ತದೆ. ಹರಾಜಾಗುವುದು ನಿಮ್ಮ ಕಣ್ಣು. ನೀವು ಪುಟ ತೆರೆದ ಕ್ಷಣದಲ್ಲಿ, “ಬೆಂಗಳೂರಿನಲ್ಲಿ ಇಂಥ ಫೋನ್ ಅಥವಾ ಕಂಪ್ಯೂಟರ್ ಇಟ್ಟುಕೊಂಡಿರುವ ಒಬ್ಬರು ಬಂದಿದ್ದಾರೆ, ಅವರಿಗೆ ಜಾಹೀರಾತು ತೋರಿಸಲು ಎಷ್ಟು ಕೊಡುತ್ತೀರಿ?” ಎಂಬ ಕೂಗು ಹೊರಡುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಯಂತ್ರಗಳೇ ಬೆಲೆ ಕೂಗಿ, ಗೆದ್ದವರ ಜಾಹೀರಾತು ನಿಮ್ಮ ಪರದೆಗೆ ಬಂದು ಕೂರುತ್ತದೆ. ಎಪಿಎಂಸಿಯಲ್ಲಿ ಕೊಳ್ಳುವವರು ಮೂಟೆ ಬಿಚ್ಚಿ ಈರುಳ್ಳಿ ನೋಡುತ್ತಾರೆ. ಇಲ್ಲಿ ತಾಣದ ಮಾಲೀಕರು ಬರುವ ಜಾಹೀರಾತನ್ನು ಮೊದಲೇ ನೋಡಿರುವುದಿಲ್ಲ. ನಡುವೆ ಮೂರು ನಾಲ್ಕು ದಲ್ಲಾಳಿ ಕಂಪೆನಿಗಳಿದ್ದರೆ, ಹಣ ಕೊಟ್ಟವರು ಯಾರೆಂದು ಕೊನೆಯವರಿಗೆ ತಿಳಿಯುವುದೂ ಕಷ್ಟ.

ದೊಡ್ಡ ಹೆಸರುಗಳಿಗೇ ಪೆಟ್ಟು

“ನಾನು ಕೆಟ್ಟ ತಾಣಗಳಿಗೆ ಹೋಗುವುದೇ ಇಲ್ಲ, ನನಗೇಕೆ ಭಯ?” ಎಂದು ಹಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ 2009ರ ಸೆಪ್ಟೆಂಬರ್ ತಿಂಗಳ ಒಂದು ವಾರಾಂತ್ಯದಲ್ಲಿದೆ. ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜಾಲತಾಣಕ್ಕೆ, ವೊನೇಜ್ ಎಂಬ ದೂರವಾಣಿ ಕಂಪೆನಿಯ ಹೆಸರು ಹೇಳಿಕೊಂಡು ಯಾರೋ ಜಾಹೀರಾತಿನ ಜಾಗ ಕೊಂಡರು. ಆ ಕಂಪೆನಿ ಹಿಂದೆಯೂ ಅಲ್ಲಿ ಜಾಹೀರಾತು ಕೊಟ್ಟಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಮೊದಲ ದಿನಗಳಲ್ಲಿ ಅಸಲಿ ಜಾಹೀರಾತೇ ಕಾಣಿಸಿತು. ವಾರಾಂತ್ಯ ಬಂತೋ ಇಲ್ಲವೋ, ಅದೇ ಜಾಗದಲ್ಲಿ “ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ” ಎಂದು ಬೆದರಿಸಿ, ನಕಲಿ ಆ್ಯಂಟಿವೈರಸ್ ಮಾರುವ ಕಿಟಕಿ ತೆರೆಯತೊಡಗಿತು. ಪತ್ರಿಕೆ ಓದುಗರಿಗೆ ಎಚ್ಚರಿಕೆ ಪ್ರಕಟಿಸಬೇಕಾಯಿತು.

ಹೊಸ ವರ್ಷ 2014 ಹುಟ್ಟುವ ಹೊತ್ತಿನಲ್ಲಿ ಯಾಹೂ ತಾಣದ ಜಾಹೀರಾತುಗಳ ಮೂಲಕ ಯುರೋಪಿನ ಓದುಗರ ಕಂಪ್ಯೂಟರ್‌ಗಳಿಗೆ ಕುತಂತ್ರಾಂಶ ಹರಡಿತು. ಅದನ್ನು ಪತ್ತೆ ಹಚ್ಚಿದ್ದು ನೆದರ್ಲೆಂಡ್ಸಿನ ಫಾಕ್ಸ್ ಐಟಿ ಎಂಬ ಸಂಸ್ಥೆ. 2016ರ ಮಾರ್ಚ್‌ನಲ್ಲಿ ಬಿಬಿಸಿ, ನ್ಯೂಯಾರ್ಕ್ ಟೈಮ್ಸ್ ಮುಂತಾದ ತಾಣಗಳ ಸರದಿ. ಆಗಿನ ವಿಧಾನ ಇನ್ನೂ ಭಯಾನಕ. ಜಾಹೀರಾತನ್ನು ಒತ್ತಲೇಬೇಕಾಗಿರಲಿಲ್ಲ. ನಿಮ್ಮ ಯಂತ್ರದಲ್ಲಿ ಹಳೆಯ ಫ್ಲ್ಯಾಶ್ ಪ್ಲೇಯರ್ ಅಥವಾ ಅಂಥದೇ ತೇಪೆ ಹಾಕದ ತಂತ್ರಾಂಶವಿದ್ದರೆ, ಪುಟ ತೆರೆದರೆ ಸಾಕು, ಕೆಲಸ ಮುಗಿಯುತ್ತಿತ್ತು.

2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ನ ಕಥೆ ಮುಗಿಯಿತು. ಬ್ರೌಸರುಗಳು ತಾವಾಗಿಯೇ ಪರಿಷ್ಕಾರಗೊಳ್ಳುವುದನ್ನು ಕಲಿತವು. ಗೋಡೆ ಗಟ್ಟಿಯಾಯಿತು. ಆಗ ಕಳ್ಳರು ಏನು ಮಾಡಿದರು? ಗೋಡೆ ಕೊರೆಯುವುದನ್ನು ಬಿಟ್ಟು ಬಾಗಿಲು ತಟ್ಟತೊಡಗಿದರು. ಬಾಗಿಲು ತೆರೆಯುವವರು ನಾವೇ.

ಪರದೆಯ ಮೇಲೆ ಸೈರನ್, ಫೋನಿನಲ್ಲಿ ನಮ್ಮೂರ ಹುಡುಗ

ಜಾಲಹಳ್ಳಿ ನಿಲ್ದಾಣದಲ್ಲಿ ಮೆಟ್ರೋದ ಹಸಿರು ಮಾರ್ಗದ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ನಗರದ ಇನ್ನೊಂದು ತುದಿಯಾದ ವೈಟ್‌ಫೀಲ್ಡ್ ತಲಪಬಹುದು. 2025ರ ನವೆಂಬರ್‌ನಲ್ಲಿ ಅಲ್ಲಿನ ಒಂದು ಟೆಕ್ ಪಾರ್ಕಿನ ಕಚೇರಿಯ ಮೇಲೆ ಪೊಲೀಸರು ದಾಳಿ ಮಾಡಿ 21 ಮಂದಿಯನ್ನು ಬಂಧಿಸಿದರು. ಹೊರಗಿನಿಂದ ನೋಡಿದರೆ ಎಲ್ಲ ಕಚೇರಿಗಳಂತೆ ಒಂದು ಕಚೇರಿ. ಪೊಲೀಸರು ಹೇಳಿದ ಪ್ರಕಾರ ಅಲ್ಲಿ ನಡೆಯುತ್ತಿದ್ದುದು ಹೀಗೆ: ಅಮೆರಿಕದಲ್ಲಿರುವವರಿಗೆ ಕಾಣುವಂತೆ ಫೇಸ್‌ಬುಕ್‌ನಲ್ಲಿ ಜಾಹೀರಾತು ಹಾಕುವುದು. ಒತ್ತಿದವರ ಪರದೆ ಸ್ತಬ್ಧವಾಗಿ, ಮೈಕ್ರೋಸಾಫ್ಟ್‌ನ ಹೆಸರಿನಲ್ಲಿ ಒಂದು ಎಚ್ಚರಿಕೆ ಮತ್ತು ಸಹಾಯವಾಣಿ ಸಂಖ್ಯೆ ಕಾಣಿಸಿಕೊಳ್ಳುವುದು. ಗಾಬರಿಯಿಂದ ಫೋನ್ ಮಾಡಿದರೆ ಕರೆ ಬಂದು ಮುಟ್ಟುವುದು ಬೆಂಗಳೂರಿಗೆ. ಇಲ್ಲಿಂದ ಮಾತಾಡುವವರು ಮೈಕ್ರೋಸಾಫ್ಟ್‌ನ ತಂತ್ರಜ್ಞರಂತೆ ನಟಿಸಿ, ನಿಮ್ಮ ಬ್ಯಾಂಕ್ ಖಾತೆ ಅಪಾಯದಲ್ಲಿದೆ ಎಂದು ಹೆದರಿಸಿ ಹಣ ಕೀಳುವುದು. ಆರೋಪ ಸಾಬೀತಾಗಬೇಕಾದದ್ದು ನ್ಯಾಯಾಲಯದಲ್ಲಿ. ಆದರೆ ವಿಧಾನವಂತೂ ಹೊಸದಲ್ಲ. ಇಂಥದೇ ನಕಲಿ ತಾಂತ್ರಿಕ ಸಹಾಯ ಕೇಂದ್ರಗಳ ವಿರುದ್ಧ 2023ರಲ್ಲಿ ಸಿಬಿಐ ದೇಶದ ಹಲವು ಕಡೆ ಶೋಧ ನಡೆಸಿತ್ತು. ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕಂಪೆನಿಗಳು ಕೊಟ್ಟ ಮಾಹಿತಿಯೂ ಆ ಶೋಧಕ್ಕೆ ಆಧಾರವಾಗಿತ್ತು.

ಈ ಸುದ್ದಿಯಲ್ಲಿ ನಮ್ಮ ಮನೆಗಳಿಗೆ ತಟ್ಟುವ ಸಂಗತಿ ಎರಡಿವೆ. ಒಂದು, ಅಂಥ ಪರದೆ ನಮ್ಮ ಮುಂದೆಯೂ ಬರಬಹುದು. ಕೆಂಪು ಬಣ್ಣ, ಕಿವಿಗಡಚಿಕ್ಕುವ ಸೈರನ್, “ಕಂಪ್ಯೂಟರ್ ಆರಿಸಬೇಡಿ” ಎಂಬ ಆಜ್ಞೆ. ಮನೆಯಲ್ಲಿ ಹಿರಿಯರೊಬ್ಬರೇ ಇರುವಾಗ ಬಂದರಂತೂ ಅವರ ಎದೆಯೇ ಒಡೆಯಬೇಕು. ನೆನಪಿಡಿ, ಅದು ಬರಿಯ ಒಂದು ಜಾಲಪುಟ. ಅನೇಕ ಸಲ ಆ ಹಂತದಲ್ಲಿ ನಿಮ್ಮ ಯಂತ್ರಕ್ಕೆ ಏನೂ ಆಗಿರುವುದಿಲ್ಲ. ನೀವು ಫೋನ್ ಮಾಡಿ, ಅವರು ಹೇಳಿದ ಎನಿಡೆಸ್ಕ್‌ನಂತಹ ತಂತ್ರಾಂಶ ಹಾಕಿಕೊಂಡು, ಯಂತ್ರದ ಹಿಡಿತವನ್ನು ಅವರ ಕೈಗೆ ಕೊಟ್ಟ ಮೇಲೆಯೇ ಅನಾಹುತ ಶುರು. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಯ ಸಂದೇಶದಲ್ಲಿ ಯಾವತ್ತೂ ಫೋನ್ ನಂಬರ್ ಕೊಡುವುದಿಲ್ಲ. ಈ ಒಂದು ಮಾತು ಗೊತ್ತಿದ್ದರೆ ಅರ್ಧ ಗೆದ್ದ ಹಾಗೆ. ಪರದೆಯನ್ನು ಮುಚ್ಚಲು ಎಸ್ಕೇಪ್ ಕೀಲಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ. ಆಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಬ್ರೌಸರನ್ನು ಮುಚ್ಚಿ. ಅದೂ ಆಗದಿದ್ದರೆ ವಿದ್ಯುತ್ ಗುಂಡಿಯನ್ನೇ ಒತ್ತಿ ಹಿಡಿದು ಆರಿಸಿಬಿಡಿ. ಬೇಡ ಎಂದು ಬರೆದಿರುವವರು ಕಳ್ಳರಲ್ಲವೇ! ಮತ್ತೆ ಬ್ರೌಸರ್ ತೆರೆದಾಗ ಅದು “ಹಳೆಯ ಪುಟಗಳನ್ನು ಮರಳಿ ತೆರೆಯಲೇ?” ಎಂದು ಕೇಳಿದರೆ ಬೇಡವೆನ್ನಿ.

ಎರಡನೆಯದು ಇನ್ನೂ ಕಹಿಯಾದ ಸಂಗತಿ. ಫೋನಿನ ಆ ತುದಿಯಲ್ಲಿ ಕುಳಿತವರು ಎಲ್ಲಿಂದಲೋ ಬಂದವರಲ್ಲ. ಡಿಗ್ರಿ ಮುಗಿಸಿ, ಒಳ್ಳೆಯ ಇಂಗ್ಲಿಷ್ ಕಲಿತು, ಕೆಲಸಕ್ಕಾಗಿ ಅಲೆಯುವ ಯುವಕ ಯುವತಿಯರನ್ನೇ ಇಂಥ ಕಚೇರಿಗಳು ಹುಡುಕುತ್ತವೆ. “ಇಂಟರ್‌ನ್ಯಾಷನಲ್ ಪ್ರೊಸೆಸ್, ರಾತ್ರಿ ಪಾಳಿ, ಗಾಡಿ ವ್ಯವಸ್ಥೆ ಇದೆ” ಎಂದರೆ ಮನೆಯವರಿಗೂ ಹೆಮ್ಮೆ. ನಿಮ್ಮ ಮಗನಿಗೋ ತಂಗಿಗೋ ಇಂಥ ಕೆಲಸ ಸಿಕ್ಕಿದೆ ಎಂದರೆ ಸಿಹಿ ಹಂಚುವ ಮೊದಲು ನಾಲ್ಕು ಮಾತು ಕೇಳಿ. ನೇಮಕಾತಿ ಪತ್ರ ಕೊಟ್ಟಿದ್ದಾರೆಯೇ? ಭವಿಷ್ಯ ನಿಧಿ ಕಡಿತವಾಗುತ್ತದೆಯೇ? ಯಾವ ಕಂಪೆನಿಯ ಗ್ರಾಹಕರಿಗೆ ಸೇವೆ, ಆ ಕಂಪೆನಿಯೊಡನೆ ಇವರಿಗೆ ಒಪ್ಪಂದವಿದೆಯೇ? ಫೋನಿನಲ್ಲಿ ಬೇರೆ ಹೆಸರು, ಬೇರೆ ಕಂಪೆನಿ ಹೇಳಿಕೊಳ್ಳಲು ಕಲಿಸುತ್ತಿದ್ದಾರೆಯೇ? ಗ್ರಾಹಕರಿಂದ ಗಿಫ್ಟ್ ಕಾರ್ಡ್ ರೂಪದಲ್ಲಿ ಹಣ ಕೇಳಿಸುತ್ತಾರೆಯೇ? ಕೊನೆಯ ಎರಡಕ್ಕೆ ಹೌದು ಎಂಬ ಉತ್ತರ ಬಂದರೆ ಮಾರನೆಯ ದಿನ ಆ ಗಾಡಿ ಹತ್ತಲು ಬಿಡಬೇಡಿ. ದೂರದ ಊರಿನ ಒಬ್ಬ ಮುದುಕಿಯ ಉಳಿತಾಯವನ್ನು ಕಿತ್ತು ತಂದ ಸಂಬಳ ಅದು. ಪೊಲೀಸರು ಬಂದಾಗ ಕೈಗೆ ಸಿಗುವವರು ಮಾಲೀಕರಿಗಿಂತ ಮುಂಚೆ ಫೋನಿನ ಮುಂದೆ ಕುಳಿತವರೇ.

ಹುಡುಕಾಟದ ಮೊದಲ ಸಾಲು

ಇನ್ನೊಂದು ವೇಷ ಸದ್ದು ಮಾಡುವುದಿಲ್ಲ. ಮಗಳ ಕಾಲೇಜಿನ ಪ್ರಾಜೆಕ್ಟಿಗೆ ಒಂದು ಉಚಿತ ತಂತ್ರಾಂಶ ಬೇಕು ಎಂದಿಟ್ಟುಕೊಳ್ಳಿ. ಗೂಗಲ್‌ನಲ್ಲಿ ಹೆಸರು ಹಾಕುತ್ತೀರಿ. ಮೇಲೆ ಬಂದ ಮೊದಲ ಕೊಂಡಿಯನ್ನು ಒತ್ತುತ್ತೀರಿ. ಆ ಮೊದಲ ಸಾಲಿನ ಪಕ್ಕ ‘ಸ್ಪಾನ್ಸರ್ಡ್’ ಎಂಬ ಪುಟ್ಟ ಪದವಿರುವುದನ್ನು ಗಮನಿಸುವವರು ಕಡಿಮೆ. ಅಂದರೆ ಅದು ಹುಡುಕಿ ತೆಗೆದ ಉತ್ತರವಲ್ಲ, ಹಣ ಕೊಟ್ಟು ಹಿಡಿದ ಜಾಗ. 2022ರ ಕೊನೆ ಮತ್ತು 2023ರ ಆರಂಭದಲ್ಲಿ ವಿಎಲ್‌ಸಿ, ಒಬಿಎಸ್, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಮುಂತಾದ ಜನಪ್ರಿಯ ಉಚಿತ ತಂತ್ರಾಂಶಗಳ ಹೆಸರಿನಲ್ಲಿ ನಕಲಿ ತಾಣಗಳ ಜಾಹೀರಾತು ಹೀಗೆ ಮೇಲೆ ಬಂದು ಎಷ್ಟೋ ಮಂದಿ ಮೋಸಹೋದರು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2022ರ ಡಿಸೆಂಬರ್‌ನಲ್ಲಿ ಜನರಿಗೆ ಕೊಟ್ಟ ಸಲಹೆಗಳಲ್ಲಿ ಒಂದು, ಬ್ರೌಸರ್‌ನಲ್ಲಿ ಜಾಹೀರಾತು ತಡೆಯುವ ಸಲಕರಣೆ ಹಾಕಿಕೊಳ್ಳಿ ಎಂಬುದು. ಪೊಲೀಸ್ ಸಂಸ್ಥೆಯೇ ಈ ಮಾತು ಹೇಳುವ ಹಂತಕ್ಕೆ ಬಂತು ಎಂದರೆ ಯೋಚಿಸಿ.

ಸರಕಾರಿ ಕೆಲಸಗಳಲ್ಲೂ ಇದೇ ಎಚ್ಚರ ಬೇಕು. ಗಲ್ಫ್‌ಗೆ ಹೊರಟವರು, ಉಮ್ರಾಕ್ಕೆ ಸಿದ್ಧರಾಗುವವರು ಮೊದಲು ಹುಡುಕುವುದು ಪಾಸ್‌ಪೋರ್ಟ್ ಸೇವೆಯನ್ನು. ಆ ಹೆಸರಿನಲ್ಲಿ ನಕಲಿ ತಾಣಗಳಿವೆ ಎಂದು ವಿದೇಶಾಂಗ ಸಚಿವಾಲಯವೇ ಎಚ್ಚರಿಸಿದೆ. ತಾಣದ ವಿಳಾಸ ‘ಗವ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆಯೇ ನೋಡಿ. ಬ್ಯಾಂಕ್ ಮತ್ತು ಪಾಸ್‌ಪೋರ್ಟ್ ತಾಣಗಳ ವಿಳಾಸವನ್ನು ಒಮ್ಮೆ ಸರಿಯಾಗಿ ಬರೆದು ಬುಕ್‌ಮಾರ್ಕ್ ಮಾಡಿಟ್ಟುಕೊಂಡರೆ ಪ್ರತಿ ಸಲ ಹುಡುಕುವ ಗೋಜೇ ಇಲ್ಲ.

ಬಿಟ್ಟಿ ಸಿನಿಮಾದ ಬೆಲೆ

ರಜೆಯಲ್ಲಿ ಮಕ್ಕಳು ಹೊಸ ಸಿನಿಮಾವನ್ನೋ ಕ್ರಿಕೆಟ್ ಪಂದ್ಯವನ್ನೋ ಬಿಟ್ಟಿಯಾಗಿ ತೋರಿಸುವ ತಾಣ ಹುಡುಕುತ್ತಾರೆ. 2024ರ ಡಿಸೆಂಬರ್ ಆರಂಭದಲ್ಲಿ ಮೈಕ್ರೋಸಾಫ್ಟ್ ಪತ್ತೆ ಹಚ್ಚಿದ ಒಂದು ದಾಳಿಯ ಮೂಲ ಇಂಥ ಕಳ್ಳ ಸಿನಿಮಾ ತಾಣಗಳೇ. ವಿಡಿಯೋದೊಳಗೇ ಅಡಗಿಸಿದ್ದ ಜಾಹೀರಾತಿನ ಕೊಂಡಿಗಳು ನೋಡುಗರನ್ನು ಒಂದು ತಾಣದಿಂದ ಇನ್ನೊಂದಕ್ಕೆ ದಾಟಿಸುತ್ತಾ ಕೊನೆಗೆ ಕುತಂತ್ರಾಂಶದ ಬಾಯಿಗೆ ತಳ್ಳುತ್ತಿದ್ದವು. ಜಗತ್ತಿನಾದ್ಯಂತ ಸುಮಾರು 10 ಲಕ್ಷ ಯಂತ್ರಗಳು ಈ ದಾಳಿಗೆ ಸಿಕ್ಕವು ಎಂದು ಕಂಪೆನಿ 2025ರ ಮಾರ್ಚ್‌ನಲ್ಲಿ ತಿಳಿಸಿತು. ಮನೆಗಳಷ್ಟೇ ಅಲ್ಲ, ಕಚೇರಿಗಳ ಯಂತ್ರಗಳೂ ಅದರಲ್ಲಿದ್ದವು.

ಇಂಥ ತಾಣಗಳ ಹೊಸ ಆಟವೊಂದನ್ನು ಮಕ್ಕಳಿಗೆ ಕೂರಿಸಿ ಹೇಳಲೇಬೇಕು. “ನೀವು ರೋಬೋಟ್ ಅಲ್ಲ ಎಂದು ಸಾಬೀತುಪಡಿಸಿ” ಎಂಬ ಚೌಕ ಬರುತ್ತದೆ. ಒತ್ತಿದರೆ ಮುಂದಿನ ಸೂಚನೆ: ವಿಂಡೋಸ್ ಕೀಲಿ ಮತ್ತು ‘ಆರ್’ ಅಕ್ಷರವನ್ನು ಒಟ್ಟಿಗೆ ಒತ್ತಿ, ಬಳಿಕ ಕಂಟ್ರೋಲ್ ಮತ್ತು ‘ವಿ’ ಒತ್ತಿ, ಆಮೇಲೆ ಎಂಟರ್ ಒತ್ತಿ. ನೋಡಲು ಎಷ್ಟು ಸರಳ! ಆದರೆ ಆ ಪುಟ ನಿಮಗೆ ತಿಳಿಯದಂತೆ ಒಂದು ಆಜ್ಞೆಯನ್ನು ನಕಲು ಮಾಡಿಟ್ಟಿರುತ್ತದೆ. ನೀವು ಅದನ್ನು ಅಂಟಿಸಿ ಎಂಟರ್ ಒತ್ತಿದ ಕೂಡಲೇ ಕಳ್ಳನ ತಂತ್ರಾಂಶವನ್ನು ಸ್ವತಃ ನೀವೇ ಕೈಹಿಡಿದು ಒಳಗೆ ಕರೆತಂದ ಹಾಗಾಯಿತು. ಅಸಲಿ ಪರೀಕ್ಷೆ ಯಾವುದೂ ಚಿತ್ರ ಆರಿಸಲು ಹೇಳಬಹುದೇ ಹೊರತು, ವಿಂಡೋಸ್ ಕೀಲಿ ಒತ್ತಲು ಹೇಳುವುದಿಲ್ಲ.

ಒಳಗೆ ಬಂದವನು ಏನು ಕದಿಯುತ್ತಾನೆ? ಹಿಂದಿನ ಕಾಲದ ವೈರಸ್ ಫೈಲ್ ಅಳಿಸಿ ಕಾಟ ಕೊಡುತ್ತಿತ್ತು, ಯಂತ್ರ ನಿಧಾನವಾಗಿ ನಮಗೆ ಗೊತ್ತಾಗುತ್ತಿತ್ತು. ಇಂದಿನ ಕಳ್ಳ ಮೌನಿ. ಬ್ರೌಸರ್‌ನಲ್ಲಿ ನೀವು ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೆಲ್ಲ ಕೆಲವೇ ನಿಮಿಷಗಳಲ್ಲಿ ಬಾಚಿಕೊಂಡು ಹೋಗುತ್ತಾನೆ. ಜೊತೆಗೆ ಕುಕ್ಕಿ ಎಂಬ ಪುಟ್ಟ ಗುರುತಿನ ಚೀಟಿಗಳನ್ನೂ ಒಯ್ಯುತ್ತಾನೆ. ನೀವು ಇಮೇಲ್‌ಗೆ ಒಮ್ಮೆ ಒಳಹೊಕ್ಕರೆ ಮರುದಿನ ಮತ್ತೆ ಪಾಸ್‌ವರ್ಡ್ ಕೇಳುವುದಿಲ್ಲವಲ್ಲ, ಅದು ಈ ಚೀಟಿಯ ಕೆಲಸ. ಅದು ಕಳ್ಳನ ಕೈಗೆ ಸಿಕ್ಕರೆ ಒಟಿಪಿ ಇಲ್ಲದೆಯೇ ನಿಮ್ಮ ಇಮೇಲ್ ಅವನಿಗೆ ತೆರೆದುಕೊಳ್ಳಬಹುದು. ಲೂಮಾ ಎಂಬ ಇಂಥ ಒಂದೇ ಕುತಂತ್ರಾಂಶ 2025ರ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗಿನ ಎರಡು ತಿಂಗಳಲ್ಲಿ 3,94,000 ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಕಂಡುಬಂದಿತ್ತು ಎಂದು ಮೈಕ್ರೋಸಾಫ್ಟ್ ಹೇಳಿದೆ.

ಪೀಣ್ಯದ ಸಣ್ಣ ಕಾರ್ಖಾನೆಗಳ ಕಡೆ ನೋಡಿ. ನಾಲ್ಕು ಲೇತು, ಎರಡು ಸಿಎನ್‌ಸಿ ಯಂತ್ರ, ಮೂಲೆಯಲ್ಲಿ ಗಾಜಿನ ಕ್ಯಾಬಿನ್, ಅದರೊಳಗೆ ಒಂದೇ ಕಂಪ್ಯೂಟರ್. ಟ್ಯಾಲಿ ಅದರಲ್ಲೇ, ಜಿಎಸ್‌ಟಿ ರಿಟರ್ನ್ ಅದರಲ್ಲೇ, ನೆಟ್ ಬ್ಯಾಂಕಿಂಗ್ ಅದರಲ್ಲೇ, ಗ್ರಾಹಕರು ಕಳಿಸಿದ ಡ್ರಾಯಿಂಗ್ ಅದರಲ್ಲೇ. ಮಧ್ಯಾಹ್ನ ಊಟದ ಹೊತ್ತಿಗೆ ಹುಡುಗರು ಕ್ರಿಕೆಟ್ ನೋಡುವುದೂ ಅದರಲ್ಲೇ. ಹತ್ತು ಕುಟುಂಬಗಳ ಸಂಬಳ ಆ ಒಂದು ಯಂತ್ರದ ಮೇಲೆ ನಿಂತಿರುತ್ತದೆ. ಮನೆಯಲ್ಲೇ ಹೊಲಿಗೆ, ಕೇಕ್, ಮೆಹೆಂದಿ ಎಂದು ಸ್ವಂತ ಕಾಲ ಮೇಲೆ ನಿಂತ ನಮ್ಮ ಸಹೋದರಿಯರಿಗೆ ಇನ್‌ಸ್ಟಾಗ್ರಾಂ ಖಾತೆಯೇ ಅಂಗಡಿ. ಖಾತೆ ಕಳ್ಳನ ಪಾಲಾದರೆ ಅಂಗಡಿಗೆ ಬೀಗ ಬಿದ್ದಂತೆ.

ಬೇಲಿ ಹಾಕುವುದು ಹೇಗೆ?

ಮೊದಲ ಕೆಲಸ, ಜಾಹೀರಾತನ್ನೇ ತಡೆಯುವುದು. ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಯುಬ್ಲಾಕ್ ಆರಿಜಿನ್ ಎಂಬ ಉಚಿತ ಆ್ಯಡ್‌ಆನ್ ಹಾಕಿಕೊಳ್ಳಬಹುದು. ಗೂಗಲ್ ಕ್ರೋಮ್ ತನ್ನ ನಿಯಮ ಬದಲಾಯಿಸಿದ್ದರಿಂದ 2025ರಲ್ಲಿ ಅಲ್ಲಿ ಇದು ನಿಂತುಹೋಯಿತು. ಅದರ ಬದಲು ‘ಲೈಟ್’ ಎಂಬ ಹಗುರವಾದ ರೂಪ ಸಿಗುತ್ತದೆ, ಶಕ್ತಿ ಸ್ವಲ್ಪ ಕಡಿಮೆ. ಹೆಸರನ್ನು ಅಕ್ಷರ ಬಿಡದೆ ನೋಡಿಕೊಳ್ಳಿ, ಏಕೆಂದರೆ ಬೇಲಿಯ ವೇಷದಲ್ಲೂ ಕಳ್ಳರಿದ್ದಾರೆ. 2018ರಲ್ಲಿ ಕ್ರೋಮ್ ಅಂಗಡಿಯಲ್ಲಿದ್ದ ಐದು ನಕಲಿ ಜಾಹೀರಾತು ತಡೆಗಳನ್ನು ಆ್ಯಡ್‌ಗಾರ್ಡ್ ಸಂಸ್ಥೆ ಬಯಲು ಮಾಡಿತು. ಅವನ್ನು ಹಾಕಿಕೊಂಡಿದ್ದವರು ಒಟ್ಟು 2 ಕೋಟಿಗೂ ಹೆಚ್ಚು!

ಇಲ್ಲೊಂದು ಧರ್ಮಸಂಕಟವಿದೆ. ಜಾಹೀರಾತಿನ ಹಣದಿಂದಲೇ ಎಷ್ಟೋ ಸುದ್ದಿ ತಾಣಗಳು ಬದುಕಿವೆ. ಪತ್ರಿಕೆಯ ಪುಟದಲ್ಲಿ ಬರೆಯುತ್ತಾ ನಾನು ಜಾಹೀರಾತೇ ಬೇಡ ಎಂದರೆ ಅದು ಸರಿಯೇ? ಆದರೆ ಕಾಗದದ ಮೇಲೆ ಅಚ್ಚಾದ ಜಾಹೀರಾತು ಅಚ್ಚಾದ ಹಾಗೆಯೇ ಇರುತ್ತದೆ, ರಾತ್ರೋರಾತ್ರಿ ವೇಷ ಬದಲಿಸುವುದಿಲ್ಲ. ಪರದೆಯ ಮೇಲಿನ ಜಾಹೀರಾತಿಗೂ ಅಷ್ಟೇ ಭರವಸೆ ಸಿಗುವವರೆಗೆ ಮನೆಯ ಬಾಗಿಲು ಹಾಕಿಕೊಳ್ಳುವುದು ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ. ಮೆಚ್ಚಿನ ತಾಣಕ್ಕೆ ನೆರವಾಗಬೇಕು ಎನಿಸಿದರೆ ಚಂದಾದಾರರಾಗಿ.

ಎರಡನೆಯದು ಯಂತ್ರದ ವಯಸ್ಸು. ಎಸ್.ಪಿ. ರಸ್ತೆಯಿಂದ ಹಳೆಯ ಕಂಪ್ಯೂಟರ್ ಕಡಿಮೆ ಬೆಲೆಗೆ ತಂದು ಮಕ್ಕಳಿಗೆ ಕೊಡುವ ಕುಟುಂಬಗಳು ಬಹಳ. ಅದರಲ್ಲಿ ತಪ್ಪೇನೂ ಇಲ್ಲ. ಒಳಗಿರುವ ವಿಂಡೋಸ್ ಯಾವುದು ಎಂಬುದನ್ನು ಮಾತ್ರ ನೋಡಿ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಭದ್ರತಾ ತೇಪೆ ನಿಂತಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಭದ್ರತಾ ಯೋಜನೆಗೆ ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ 2026ರ ಅಕ್ಟೋಬರ್‌ವರೆಗೆ ಅವಧಿ ಕೊಟ್ಟಿದ್ದರು. ಅಂಗಡಿಯವರು “ಎಲ್ಲಾ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದೇನೆ” ಎಂದು ಕಳ್ಳ ಪ್ರತಿ ಹಾಕಿ ಕೊಟ್ಟಿದ್ದರೆ ಅದು ಉಪಕಾರವಲ್ಲ. ಕೀಲಿ ಮುರಿದ ತಂತ್ರಾಂಶದೊಳಗೆ ಇನ್ನೇನು ಬಂದಿದೆ ಎಂದು ಅವರಿಗೂ ತಿಳಿಯದು. ಹಳೆಯ ಯಂತ್ರಕ್ಕೆ ಹೊಸ ವಿಂಡೋಸ್ ಹಿಡಿಸದಿದ್ದರೆ ಉಚಿತವಾದ ಲಿನಕ್ಸ್ ಇದೆ. ಅದು ಎಂಜಿನಿಯರುಗಳಿಗೆ ಮಾತ್ರ ಎಂದು ಹೆದರಬೇಡಿ. ಕೇರಳದ ಶಾಲೆಗಳಿಗೆ ‘ಕೈಟ್’ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸನ್ನು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಬಳಸಿ ಕಲಿಯುತ್ತಿದ್ದಾರೆ.

ಉಳಿದವು ಸಣ್ಣ ಪುಟ್ಟ ಶಿಸ್ತುಗಳು. ಮಕ್ಕಳಿಗೆ ಬೇರೆಯೇ ಖಾತೆ ಮಾಡಿಕೊಡಿ, ಅದಕ್ಕೆ ತಂತ್ರಾಂಶ ಹಾಕುವ ಅಧಿಕಾರ ಬೇಡ. ಎಲ್ಲರೂ ಬಳಸುವ ಬ್ರೌಸರ್‌ನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಉಳಿಸಬೇಡಿ. “ಈ ತಾಣ ನಿಮಗೆ ಸೂಚನೆ ಕಳಿಸಬಹುದೇ?” ಎಂದು ಕೇಳಿದಾಗ ಗೊತ್ತಿಲ್ಲದ ತಾಣಕ್ಕೆ ಬೇಡವೆನ್ನಿ, ಮೂಲೆಯಲ್ಲಿ ದಿನವಿಡೀ ಏಳುವ ಸುಳ್ಳು ವೈರಸ್ ಎಚ್ಚರಿಕೆಗಳು ಎಷ್ಟೋ ಸಲ ಅಲ್ಲಿಂದಲೇ ಬರುವುದು. ಆ್ಯಂಟಿವೈರಸ್‌ಗೆ ಹಣ ಸುರಿಯಬೇಕೆಂದೇನೂ ಇಲ್ಲ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಆರದೆ ಇದ್ದರೆ ಸಾಮಾನ್ಯ ಮನೆಗೆ ಸಾಕು. ಮದುವೆಯ ಫೋಟೋ, ಮಕ್ಕಳ ಪ್ರಮಾಣಪತ್ರ, ಕಾರ್ಖಾನೆಯ ಲೆಕ್ಕ ಇವುಗಳ ಒಂದು ಪ್ರತಿ ಬೇರೆ ಹಾರ್ಡ್ ಡಿಸ್ಕಿನಲ್ಲಿರಲಿ. ನಕಲು ಮಾಡಿದ ಮೇಲೆ ಅದನ್ನು ಯಂತ್ರದಿಂದ ಬಿಚ್ಚಿ ಬೀರುವಿನಲ್ಲಿಡಿ.

ಫೋನಿನ ಮಾತು ಬೇರೆಯೇ ಒಂದು ಲೇಖನದಷ್ಟಿದೆ. ಆದರೂ ಒಂದು ಸಂಗತಿ ಹೇಳದೆ ಬಿಡಲಾರೆ. 2022ರಲ್ಲಿ ಗೂಗಲ್ ತನ್ನ ಅಂಗಡಿಯಿಂದ ಹಲವಾರು ಆ್ಯಪ್‌ಗಳನ್ನು ತೆಗೆದುಹಾಕಿತು. ಹಣದ ಆಸೆಗೆ ಆ್ಯಪ್ ತಯಾರಕರು ಸೇರಿಸಿಕೊಂಡಿದ್ದ ಹೊರಗಿನ ಕಂಪೆನಿಯೊಂದರ ಪ್ರೋಗ್ರಾಂ ತುಣುಕು ಬಳಕೆದಾರರ ಫೋನ್ ಸಂಖ್ಯೆ, ಇರುವ ಜಾಗ ಮುಂತಾದ ಮಾಹಿತಿಯನ್ನು ಗುಟ್ಟಾಗಿ ಸಂಗ್ರಹಿಸುತ್ತಿತ್ತು. ತೆಗೆದುಹಾಕಿದವುಗಳಲ್ಲಿ ನಮಾಝ್ ಸಮಯ ಮತ್ತು ಕಿಬ್ಲಾ ತೋರಿಸುವ ಆ್ಯಪ್‌ಗಳೂ ಇದ್ದವು. ಒಂದನ್ನಂತೂ 1 ಕೋಟಿಗೂ ಹೆಚ್ಚು ಸಲ ಇಳಿಸಿಕೊಳ್ಳಲಾಗಿತ್ತು. ನಮಾಝ್ ಸಮಯ ತೋರಿಸುವ ಆ್ಯಪ್‌ಗೆ ನಿಮ್ಮ ಸಂಪರ್ಕ ಪಟ್ಟಿಯಾಗಲಿ ಫೋನ್ ಸಂಖ್ಯೆಯಾಗಲಿ ಏಕೆ ಬೇಕು?

ಆದದ್ದು ಆಗಿಹೋದರೆ

ಗೊತ್ತಿಲ್ಲದೆ ಯಾರೋ ಏನೋ ಒತ್ತಿದರು, ಏನೋ ಇಳಿಯಿತು. ಆಗ ಮನೆಯಲ್ಲಿ ಮೊದಲು ಕೇಳಿಬರುವುದು ಬೈಗುಳ. ದಯವಿಟ್ಟು ಬೇಡ. ಬೈಗುಳಕ್ಕೆ ಹೆದರಿ ಮಕ್ಕಳು ಎರಡು ದಿನ ಬಾಯಿ ಬಿಡದಿದ್ದರೆ ಕಳ್ಳನಿಗೆ ಆ ಎರಡು ದಿನವೇ ಹಬ್ಬ. ಮೊದಲು ವೈಫೈ ಆರಿಸಿ ಅಥವಾ ಇಂಟರ್‌ನೆಟ್ ತಂತಿ ಕಿತ್ತುಬಿಡಿ. ಪಾಸ್‌ವರ್ಡ್ ಬದಲಾಯಿಸಬೇಕು, ಆದರೆ ಅದೇ ಕಂಪ್ಯೂಟರ್‌ನಲ್ಲಿ ಅಲ್ಲ, ಬೇರೆ ಫೋನಿನಿಂದ. ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದವು. “ಎಲ್ಲ ಸಾಧನಗಳಿಂದ ಹೊರಬನ್ನಿ” ಎಂಬ ಆಯ್ಕೆಯನ್ನೂ ಒತ್ತಿ, ಇಲ್ಲವಾದರೆ ಕದ್ದ ಕುಕ್ಕಿ ಚೀಟಿ ಇನ್ನೂ ಚಾಲ್ತಿಯಲ್ಲಿರುತ್ತದೆ. ಆ ಬಳಿಕ ಯಂತ್ರದ ಶುಚಿ. ಕೇಂದ್ರ ಸರಕಾರದ ಸಿಇಆರ್‌ಟಿ-ಇನ್ ಸಂಸ್ಥೆ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಇದಕ್ಕೆಂದೇ ಉಚಿತ ಸಲಕರಣೆಗಳಿವೆ. ಅನುಮಾನ ಉಳಿದರೆ ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಸುವುದೇ ಮೇಲು.

ಹಣ ಹೋಗಿದ್ದರೆ ಒಂದು ನಿಮಿಷವೂ ತಡ ಬೇಡ. 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಹಿಡಿಸಲು ಇರುವ ರಾಷ್ಟ್ರೀಯ ಸಹಾಯವಾಣಿ ಅದು. ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ತಾಣದಲ್ಲೂ ದೂರು ಕೊಡಬಹುದು. ಸೈಬರ್ ಅಪರಾಧಕ್ಕೆಂದೇ ದೇಶದ ಮೊದಲ ಪೊಲೀಸ್ ಠಾಣೆ 2001ರಲ್ಲಿ ತೆರೆದದ್ದು ನಮ್ಮ ಬೆಂಗಳೂರಿನಲ್ಲೇ. ಈಗ ನಗರದ ವಿಭಾಗಗಳಲ್ಲಿ ‘ಸೆನ್’ ಎಂದು ಕರೆಯುವ ಠಾಣೆಗಳಿವೆ. ಪರದೆಯ ಫೋಟೋ, ಕರೆ ಬಂದ ಸಂಖ್ಯೆ, ಬ್ಯಾಂಕಿನ ಸಂದೇಶ ಯಾವುದನ್ನೂ ಅಳಿಸಬೇಡಿ. ಮರ್ಯಾದೆಗೆ ಅಂಜಿ ಸುಮ್ಮನಿರುವವರೇ ಹೆಚ್ಚು. ಅದರಲ್ಲೂ ಗಂಡನಿಗೆ ಗೊತ್ತಾದರೆ ಎಂದು ಹೆದರುವ ಗೃಹಿಣಿಯರು, ಮಕ್ಕಳು ನಕ್ಕಾರು ಎಂದು ಮುಚ್ಚಿಡುವ ನಿವೃತ್ತರು.

1930ಕ್ಕೆ ಕರೆ ಮಾಡಿದ ಕೂಡಲೇ ಬ್ಯಾಂಕಿಗೂ ತಿಳಿಸಬೇಕು, ಅದಕ್ಕೆ ಕಾರಣವಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕರದ್ದೂ ಅಲ್ಲದೆ ಬ್ಯಾಂಕಿನದ್ದೂ ಅಲ್ಲದೆ ಬೇರೆಲ್ಲೋ ಆಗಿದ್ದು, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ಗ್ರಾಹಕರು ತಿಳಿಸಿದರೆ ನಷ್ಟ ಅವರ ಮೇಲೆ ಬೀಳುವುದಿಲ್ಲ. ಒಟಿಪಿಯನ್ನೋ ಪಾಸ್‌ವರ್ಡನ್ನೋ ನೀವೇ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಆದ್ದರಿಂದ ಫೋನಿನಲ್ಲಿ ಹೇಳಿ ಸುಮ್ಮನಾಗದೆ ದೂರಿನ ಸಂಖ್ಯೆ ಕೇಳಿ ಪಡೆಯಿರಿ. ದಿನಾಂಕ, ಗಂಟೆ, ನಿಮಿಷದ ಸಮೇತ ಬರೆದಿಟ್ಟುಕೊಳ್ಳಿ.